ಮನೆಯಿಂದ ಗಡಿಗೆ, ಗಡಿಯಿಂದ ಬೀದಿಗೆ

1973ರ ಅಕ್ಟೋಬರ್ 6, ಶನಿವಾರ. ಬೆಳಗ್ಗೆ ಎಂಟರ ಸುಮಾರಿಗೆ ಟೆಲ್ ಅವೀವ್‌ನಲ್ಲಿ ಇಸ್ರೇಲಿನ ಪ್ರಧಾನಿ ಗೋಲ್ಡಾ ಮೇಯಿರ್ ಎದುರು ಕುಳಿತವರ ನಡುವೆ ಚರ್ಚೆ ಬಿಸಿಯಾಗಿತ್ತು. ಅಂದೇ ಸಂಜೆಯೊಳಗೆ ಈಜಿಪ್ಟ್ ಮತ್ತು ಸಿರಿಯಾ ಒಟ್ಟಿಗೆ ದಾಳಿ ಮಾಡಲಿವೆ ಎಂಬ ಸುದ್ದಿ ನಸುಕಿಗೇ ಬಂದಿತ್ತು. ಹಾಗಿದ್ದ ಮೇಲೆ ಎಷ್ಟು ಜನರನ್ನು ಮನೆಯಿಂದ ಕರೆಸಬೇಕು? ಸೇನಾ ಮುಖ್ಯಸ್ಥ ಡೇವಿಡ್ ಎಲಾಜಾರ್ ಇಡೀ ವಾಯುಪಡೆ ಮತ್ತು ನಾಲ್ಕು ಟ್ಯಾಂಕ್ ಡಿವಿಜನ್‌ಗಳು ಬೇಕು ಎಂದರು. ಅಂದರೆ ಒಂದು ಲಕ್ಷದಿಂದ 1,20,000 ಜನ. ರಕ್ಷಣಾ ಸಚಿವ ಮೋಶೆ ದಯಾನ್‌ಗೆ ಎರಡು ಡಿವಿಜನ್, ಸುಮಾರು 70,000 ಜನ ಸಾಕೆನಿಸಿತ್ತು. ಅದಕ್ಕಿಂತ ಹೆಚ್ಚು ಜನರನ್ನು ಕರೆಸಿದರೆ ಯುದ್ಧ ಬಯಸಿದವರು ನಾವೇ ಎಂದು ಜಗತ್ತು ಹೇಳೀತು ಎಂಬುದು ಅವರ ಅಳುಕು. ಮೊದಲು ನಾವೇ ವಾಯುದಾಳಿ ಮಾಡೋಣ ಎಂಬ ಎಲಾಜಾರ್ ಬೇಡಿಕೆಯನ್ನು ಗೋಲ್ಡಾ ತಳ್ಳಿಹಾಕಿದರು. ಮೊದಲ ಏಟು ನಮ್ಮದಾದರೆ ಅಮೆರಿಕದ ನೆರವು ಬರಲಾರದು ಎಂದು ಅವರು ಅಂಜಿದ್ದರು. ಆದರೆ ಜನರನ್ನು ಕರೆಸುವ ವಿಷಯದಲ್ಲಿ ಎಲಾಜಾರ್ ಮಾತನ್ನೇ ಎತ್ತಿಹಿಡಿದರು. ಆದೇಶ ಹೊರಡುವ ಹೊತ್ತಿಗೆ ಯುದ್ಧಕ್ಕೆ ಐದು ಗಂಟೆಯೂ ಉಳಿದಿರಲಿಲ್ಲ.

ಹೀಗೆ ಕರೆ ಹೋಗಬೇಕಾಗಿದ್ದದ್ದು ಬ್ಯಾಂಕ್ ಗುಮಾಸ್ತರಿಗೆ, ಬಸ್ ಚಾಲಕರಿಗೆ, ಮೇಷ್ಟ್ರುಗಳಿಗೆ, ರೈತರಿಗೆ, ಕಾಲೇಜು ವಿದ್ಯಾರ್ಥಿಗಳಿಗೆ. ಅವರೆಲ್ಲ ಮೀಸಲು ಸೈನಿಕರು. ಅಂದು ಯೋಮ್ ಕಿಪ್ಪುರ್, ಯಹೂದ್ಯರ ಉಪವಾಸದ ದಿನ, ವರ್ಷದಲ್ಲೇ ಅತ್ಯಂತ ಪವಿತ್ರವಾದದ್ದು. ಮುಂದಿನ ಮೂರು ವಾರಗಳಲ್ಲಿ ಈ ಜನ ಸೋಲಿನ ಅಂಚಿನಲ್ಲಿದ್ದ ದೇಶವನ್ನು ಹಿಂದಕ್ಕೆಳೆದರು. ಮುಂದಿನ ಆರು ತಿಂಗಳಲ್ಲಿ ಅದೇ ಜನ ಪ್ರಧಾನಿ ಕಚೇರಿಯ ಎದುರು ನಿಂತು ಸರ್ಕಾರವನ್ನೇ ಅಲುಗಿಸಿದರು. ಈ ಎರಡೂ ಒಂದೇ ಕಥೆಯ ಭಾಗಗಳು.

ಕಥೆಯ ಬೇರು 1949ರಲ್ಲಿದೆ. ಹಿಂದಿನ ವರ್ಷವಷ್ಟೇ ಹುಟ್ಟಿ, ನೆರೆಯ ಅರಬ್ ರಾಷ್ಟ್ರಗಳೊಂದಿಗೆ ಯುದ್ಧ ಮುಗಿಸಿದ್ದ ಇಸ್ರೇಲಿಗೆ ದೊಡ್ಡ ಕಾಯಂ ಸೈನ್ಯವನ್ನು ಸಾಕುವ ಶಕ್ತಿ ಇರಲಿಲ್ಲ. ಜನಸಂಖ್ಯೆ ಕಡಿಮೆ, ಬೊಕ್ಕಸ ಬರಿದು, ವಲಸೆ ಬಂದವರಿಗೆ ಮನೆಯಿಲ್ಲ. ಇತ್ತ ಗಡಿಯಾಚೆ ಶತ್ರುಗಳ ಸಂಖ್ಯೆ ಹಲವು ಪಟ್ಟು. ಆಗ ಸೇನೆಯ ಕಾರ್ಯಾಚರಣೆ ವಿಭಾಗದ ಮುಖ್ಯಸ್ಥರಾಗಿದ್ದು, ಅದೇ ವರ್ಷದ ಕೊನೆಗೆ ಸೇನಾ ಮುಖ್ಯಸ್ಥರಾದ ಯಿಗೇಲ್ ಯಾದಿನ್ ಸ್ವಿಟ್ಜರ್ಲೆಂಡಿನ ನಾಗರಿಕ ಸೈನ್ಯದ ಮಾದರಿಯನ್ನು ಗಮನಿಸಿ ಒಂದು ವ್ಯವಸ್ಥೆ ಕಟ್ಟಿದರು. ಯುವಜನರು ಕೆಲವು ವರ್ಷ ಕಡ್ಡಾಯ ಸೇವೆ ಮಾಡಬೇಕು. ಬಳಿಕ ನಡುವಯಸ್ಸು ದಾಟುವವರೆಗೂ ಪ್ರತಿವರ್ಷ ಕೆಲವು ವಾರ ತರಬೇತಿಗೋ ಗಡಿ ಕಾವಲಿಗೋ ಹಾಜರಾಗಬೇಕು. ಉಳಿದ ಕಾಲದಲ್ಲಿ ಅವರ ಟ್ಯಾಂಕು, ಬಂದೂಕು, ಸಮವಸ್ತ್ರಗಳು ಉಗ್ರಾಣಗಳಲ್ಲಿ ಕಾದಿರುತ್ತವೆ. ಇಸ್ರೇಲಿನ ನಾಗರಿಕನೆಂದರೆ ವರ್ಷಕ್ಕೆ ಹನ್ನೊಂದು ತಿಂಗಳ ರಜೆಯಲ್ಲಿರುವ ಸೈನಿಕ ಎಂಬ ಮಾತು ಯಾದಿನ್ ಹೆಸರಿನಲ್ಲಿ ಇಂದಿಗೂ ಪ್ರಚಲಿತವಾಗಿದೆ. ಇಡೀ ನಾಡೇ ಸೈನ್ಯ ಎಂಬ ಈ ಚಿತ್ರ ಪೂರ್ತಿ ನಿಜವಲ್ಲ. ಅರಬ್ ಪ್ರಜೆಗಳಲ್ಲಿ ಬಹುಪಾಲು ಜನರನ್ನು ಸೇನೆಗೆ ಕರೆಯುತ್ತಿರಲಿಲ್ಲ. ಧಾರ್ಮಿಕ ಪಾಠಶಾಲೆಗಳಲ್ಲಿ ಓದುವ ಕಟ್ಟಾ ಸಂಪ್ರದಾಯಸ್ಥರಿಗೆ ವಿನಾಯಿತಿ ಇತ್ತು. ಉಳಿದವರಲ್ಲಿ ಮಾತ್ರ ಈ ವ್ಯವಸ್ಥೆ ಬದುಕಿನ ಲಯವೇ ಆಗಿಹೋಯಿತು. ಒಂದೇ ತುಕಡಿಯಲ್ಲಿ ವೈದ್ಯನ ಪಕ್ಕ ಮೆಕ್ಯಾನಿಕ್, ಪ್ರಾಧ್ಯಾಪಕನ ಮೇಲಧಿಕಾರಿಯಾಗಿ ಅವನದೇ ವಿದ್ಯಾರ್ಥಿ.

ಈ ವ್ಯವಸ್ಥೆಯ ಜೀವ ಇದ್ದದ್ದು ಸಮಯದಲ್ಲಿ. ಶತ್ರು ಗಡಿ ದಾಟುವುದಕ್ಕೆ ಕನಿಷ್ಠ 48 ಗಂಟೆ ಮೊದಲು ಗುಪ್ತಚರರು ಎಚ್ಚರಿಸುತ್ತಾರೆ, ಅಷ್ಟರಲ್ಲಿ ಮೀಸಲು ಪಡೆ ಗಡಿ ಸೇರುತ್ತದೆ ಎಂಬ ನಂಬಿಕೆಯ ಮೇಲೆ ಎಲ್ಲ ಯೋಜನೆಗಳೂ ನಿಂತಿದ್ದವು. ಆದರೆ ಕರೆ ಕೊಡುವುದು ಸುಲಭದ ಮಾತಲ್ಲ ಎಂಬುದು ಬೇಗನೇ ಗೊತ್ತಾಯಿತು. 1959ರ ಏಪ್ರಿಲ್ 1ರ ರಾತ್ರಿ ಸೇನೆ ಕೇವಲ ಅಭ್ಯಾಸಕ್ಕೆಂದು ರೇಡಿಯೊದಲ್ಲಿ ಹಲವು ಭಾಷೆಗಳಲ್ಲಿ ಸಂಕೇತ ಪದಗಳನ್ನು ಬಿತ್ತರಿಸಿ ಮೀಸಲು ತುಕಡಿಗಳನ್ನು ಕರೆಯಿತು. ಇದು ಅಭ್ಯಾಸ ಎಂಬುದು ಜನರಿಗೆ ತಿಳಿದಿರಲಿಲ್ಲ. ಊರೂರಲ್ಲಿ ಗಾಬರಿ ಹಬ್ಬಿತು, ನೆರೆಯ ದೇಶಗಳು ತಮ್ಮ ಸೇನೆಗಳನ್ನು ಎಚ್ಚರಿಸಿದವು. ‘ಬಾತುಕೋಳಿಗಳ ರಾತ್ರಿ’ ಎಂದು ಹೆಸರಾದ ಈ ಪ್ರಸಂಗದಿಂದ ಕಾರ್ಯಾಚರಣೆ ಮುಖ್ಯಸ್ಥ ಮೇಯಿರ್ ಜೊರೆಯಾ ಮತ್ತು ಗುಪ್ತಚರ ಮುಖ್ಯಸ್ಥ ಯೆಹೋಶಫಾತ್ ಹರ್ಕಾಬಿ ಇಬ್ಬರೂ ಹುದ್ದೆ ಕಳೆದುಕೊಂಡರು. ಮೀಸಲು ಪಡೆಗೆ ಕರೆ ಹೋಯಿತೆಂದರೆ ನೆರೆಯವರ ಕಿವಿಗೆ ಅದು ಯುದ್ಧ ಘೋಷಣೆಯಂತೆಯೇ ಕೇಳುತ್ತದೆ ಎಂಬುದು ಅಂದು ಕಲಿತ ಪಾಠ.

ಇನ್ನೊಂದು ಪಾಠ 1967ರಲ್ಲಿ ಬಂತು. ಮೇ ತಿಂಗಳ ನಡುವೆ ಈಜಿಪ್ಟಿನ ಅಧ್ಯಕ್ಷ ನಾಸರ್ ಸೈನ್ಯವನ್ನು ಸಿನಾಯ್ ಮರುಭೂಮಿಗೆ ಕಳಿಸಿದರು, ತಿರಾನ್ ಜಲಸಂಧಿಯನ್ನು ಮುಚ್ಚಿದರು. ಇಸ್ರೇಲ್ ಮೀಸಲು ಪಡೆಗಳನ್ನು ಕರೆಸಿತು. ಕರೆಸಿದ ಮೇಲೆ ಸುಮಾರು ಮೂರು ವಾರ ಬರೀ ಕಾಯುವುದೇ ಆಯಿತು. ಕಾರ್ಖಾನೆಗಳಲ್ಲಿ ಕೆಲಸಗಾರರಿಲ್ಲ, ಬಸ್ಸು ಲಾರಿಗಳು ಸೇನೆಯ ಪಾಲು, ಶಾಲಾಮಕ್ಕಳು ಅಂಚೆ ಹಂಚಿದರು. ದೇಶದ ದುಡಿಯುವ ಕೈಗಳೆಲ್ಲ ಡೇರೆಗಳಲ್ಲಿ ಕುಳಿತಿರುವಾಗ ತಿಂಗಳುಗಟ್ಟಲೆ ಹಾಗೆ ಇರುವುದು ಅಸಾಧ್ಯ. ಒಂದೋ ಯುದ್ಧಕ್ಕೆ ಇಳಿಯಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಜೂನ್ 5ರಂದು ಇಸ್ರೇಲ್ ತಾನೇ ಮೊದಲು ದಾಳಿ ಮಾಡಿದ್ದಕ್ಕೆ ಈ ಒತ್ತಡವೂ ಒಂದು ಕಾರಣ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಆರೇ ದಿನದಲ್ಲಿ ಯುದ್ಧ ಗೆದ್ದು ಸಿನಾಯ್, ಗೋಲಾನ್ ಎತ್ತರ, ಜೋರ್ಡಾನ್ ನದಿಯ ಪಶ್ಚಿಮ ದಂಡೆ, ಗಾಜಾ ಎಲ್ಲವೂ ಕೈಸೇರಿದಾಗ ಮೀಸಲು ಸೈನಿಕನ ಸುತ್ತ ಅಜೇಯನೆಂಬ ಪ್ರಭಾವಳಿ ಮೂಡಿತು.

ಎದುರಾಳಿಗಳು ಈ ವ್ಯವಸ್ಥೆಯನ್ನು ಚೆನ್ನಾಗಿ ಓದಿಕೊಂಡಿದ್ದರು. ಇಸ್ರೇಲಿನ ಮೀಸಲು ಪಡೆ ಗಡಿಗೆ ಬರುವ ಮೊದಲೇ ಕೆಲಸ ಮುಗಿಸಬೇಕು ಎಂಬುದು ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತ್ ಮತ್ತು ಸಿರಿಯಾದ ಅಧ್ಯಕ್ಷ ಹಾಫೆಜ್ ಅಲ್-ಅಸ್ಸಾದ್ ಅವರ ಯೋಜನೆಯ ತಿರುಳು. ಈಜಿಪ್ಟಿಗೂ ಮೀಸಲು ಸೈನಿಕರಿದ್ದರು. ಅವರನ್ನೇ ಅದು ಕಣ್ಕಟ್ಟಿಗೆ ಬಳಸಿತು. ಕರೆಸುವುದು, ಸೂಯೆಜ್ ಕಾಲುವೆ ದಂಡೆಯಲ್ಲಿ ಕವಾಯತು ಮಾಡಿಸುವುದು, ಮನೆಗೆ ಕಳಿಸುವುದು, ಮತ್ತೆ ಕರೆಸುವುದು. ಹೀಗೆ ಪದೇಪದೇ ನಡೆದ ಮೇಲೆ ಆಚೆ ದಡದಲ್ಲಿ ಕಾವಲಿದ್ದವರಿಗೆ ಅದು ಮಾಮೂಲಾಯಿತು. ಯುದ್ಧಕ್ಕೆ ಎರಡು ದಿನ ಮೊದಲು, ಅಕ್ಟೋಬರ್ 4ರಂದು, ಸುಮಾರು 20,000 ಮೀಸಲು ಸೈನಿಕರನ್ನು ಬಿಡುಗಡೆ ಮಾಡಲಾಗಿದೆ ಎಂದು ಈಜಿಪ್ಟ್ ಎಲ್ಲರಿಗೂ ಕೇಳುವಂತೆ ಪ್ರಕಟಿಸಿತು.

ಇಸ್ರೇಲಿನ ಒಳಗೂ ಪರಿಸ್ಥಿತಿ ಈ ಆಟಕ್ಕೆ ಅನುಕೂಲವಾಗಿಯೇ ಇತ್ತು. ದೂರಗಾಮಿ ಬಾಂಬರ್‌ಗಳು ಮತ್ತು ಕ್ಷಿಪಣಿಗಳು ಕೈಸೇರುವವರೆಗೆ ಈಜಿಪ್ಟ್ ಯುದ್ಧಕ್ಕೆ ಇಳಿಯದು, ಈಜಿಪ್ಟ್ ಇಳಿಯದೆ ಸಿರಿಯಾ ಕದಲದು ಎಂಬುದು ಸೇನಾ ಗುಪ್ತಚರ ಮುಖ್ಯಸ್ಥ ಎಲಿ ಜೈರಾ ಅವರ ದೃಢ ನಂಬಿಕೆ. 1973ರ ವಸಂತದಲ್ಲಿ ಯುದ್ಧದ ಸುಳಿವು ಬಂದಾಗ ಜೈರಾ ಸಾಧ್ಯತೆ ಕಡಿಮೆ ಎಂದಿದ್ದರು. ಎಲಾಜಾರ್ ಒಪ್ಪದೆ ಸೇನೆಯನ್ನು ತಿಂಗಳುಗಟ್ಟಲೆ ಸನ್ನದ್ಧ ಸ್ಥಿತಿಯಲ್ಲಿ ಇರಿಸಿದರು. ಯುದ್ಧ ಬರಲಿಲ್ಲ. ಹಣ ದಂಡವಾಯಿತೆಂಬ ಗೊಣಗಾಟ ಎಲಾಜಾರ್ ಪಾಲಿಗೆ, ಮಾತು ನಿಜವಾಯಿತೆಂಬ ಹಿರಿಮೆ ಜೈರಾ ಪಾಲಿಗೆ ಬಂತು. ಶರತ್ಕಾಲದಲ್ಲಿ ಅದೇ ಸುಳಿವುಗಳು ಮರಳಿ ಬಂದಾಗ ಇನ್ನೊಮ್ಮೆ ಹುಯಿಲೆಬ್ಬಿಸಲು ಯಾರಿಗೂ ಮನಸ್ಸಿರಲಿಲ್ಲ. ಸೆಪ್ಟೆಂಬರ್ 25ರಂದು ಜೋರ್ಡಾನ್‌ನ ದೊರೆ ಹುಸೇನ್ ಗುಟ್ಟಾಗಿ ಬಂದು ಗೋಲ್ಡಾಗೆ ಎಚ್ಚರಿಕೆ ಕೊಟ್ಟರು. ಅಕ್ಟೋಬರ್ 4 ಮತ್ತು 5ರಂದು ಸೋವಿಯತ್ ಸಲಹೆಗಾರರ ಕುಟುಂಬಗಳು ಕೈರೊ ಮತ್ತು ದಮಾಸ್ಕಸ್‌ನಿಂದ ವಿಮಾನ ಹತ್ತಿದವು. ಕೊನೆಗೆ 5ರ ರಾತ್ರಿ ಗುಪ್ತಚರ ಸಂಸ್ಥೆ ಮೊಸಾದ್‌ನ ಮುಖ್ಯಸ್ಥ ಜ್ವಿ ಜಮೀರ್ ಲಂಡನ್ನಿನಲ್ಲಿ ನಾಸರ್ ಅವರ ಅಳಿಯ ಅಶ್ರಫ್ ಮರ್ವಾನ್‌ರನ್ನು ಭೇಟಿಯಾದಾಗಲೇ ಖಚಿತ ಸುದ್ದಿ ಸಿಕ್ಕಿದ್ದು. ಮರ್ವಾನ್ ಸಂಜೆ ಎಂದಿದ್ದರು. ದಾಳಿ ಶುರುವಾದದ್ದು ಮಧ್ಯಾಹ್ನ ಎರಡಕ್ಕೆ.

ಆ ಹೊತ್ತಿನಲ್ಲಿ ಸೂಯೆಜ್ ಕಾಲುವೆಯ ಪೂರ್ವ ದಂಡೆಯ ಕೋಟೆಗಳಲ್ಲಿ ಇದ್ದವರು ಸುಮಾರು 450 ಜನ. ಅವರಲ್ಲಿ ಹೆಚ್ಚಿನವರು ಜೆರುಸಲೇಮ್ ಬ್ರಿಗೇಡಿನ ಮೀಸಲು ಸೈನಿಕರು, ವಾರ್ಷಿಕ ಸರದಿಗೆ ಬಂದವರು. ಹಬ್ಬದ ದಿನ ಯುವ ಸೈನಿಕರಿಗೆ ರಜೆ ಸಿಗಲೆಂದು, ಹೇಗೂ ಗಡಿ ಶಾಂತವಾಗಿದೆಯೆಂದು, ವಯಸ್ಸಾದವರನ್ನೂ ಹೊಸದಾಗಿ ವಲಸೆ ಬಂದವರನ್ನೂ ಅಲ್ಲಿ ನಿಲ್ಲಿಸಲಾಗಿತ್ತು. ಅವರೆದುರು ಈಜಿಪ್ಟಿನ ಐದು ಪದಾತಿ ಡಿವಿಜನ್‌ಗಳು ರಬ್ಬರ್ ದೋಣಿಗಳಲ್ಲಿ ಕಾಲುವೆ ದಾಟತೊಡಗಿದವು. ಉತ್ತರದ ಗೋಲಾನ್ ಎತ್ತರದಲ್ಲಿ ಇಸ್ರೇಲಿನ 177 ಟ್ಯಾಂಕುಗಳಿಗೆ ಎದುರಾಗಿ ಸಿರಿಯಾದ ಬಳಿ ಸುಮಾರು 1,400 ಟ್ಯಾಂಕುಗಳಿದ್ದವು.

ಒಳನಾಡಿನಲ್ಲಿ ನಡೆದದ್ದೇ ಬೇರೆ ದೃಶ್ಯ. ಯೋಮ್ ಕಿಪ್ಪುರ್ ದಿನ ರೇಡಿಯೊ, ಟಿ.ವಿ. ಎರಡೂ ಮೌನ. ಹಾಗಾಗಿ ಬೆಳಗ್ಗೆ ಕರೆ ತಲುಪಿದ್ದು ಜೀಪು, ಕಾರುಗಳಲ್ಲಿ ಬಂದ ಓಲೆಕಾರರಿಂದ ಮತ್ತು ದೂರವಾಣಿಯಿಂದ. ಪ್ರಾರ್ಥನಾ ಮಂದಿರಗಳಲ್ಲಿ ಹೆಸರು ಕೂಗಿದರು. ಬಿಳಿಯ ಪ್ರಾರ್ಥನಾ ಶಾಲು ಹೊದ್ದವರು ಎದ್ದು ಹೊರನಡೆದರು. ಮಧ್ಯಾಹ್ನ ಸೈರನ್ ಕೂಗಿದ ಮೇಲೆ ರೇಡಿಯೊ ಬಾಯಿಬಿಟ್ಟು ತುಕಡಿಗಳ ಸಂಕೇತ ಪದಗಳನ್ನು ಓದತೊಡಗಿತು. ಶತ್ರುಗಳು ಬೇಕೆಂದೇ ಆರಿಸಿಕೊಂಡ ದಿನ ಒಂದು ರೀತಿಯಲ್ಲಿ ಉಪಕಾರವನ್ನೂ ಮಾಡಿತು. ಎಲ್ಲರೂ ಮನೆಯಲ್ಲೋ ಮಂದಿರದಲ್ಲೋ ಸಿಕ್ಕರು, ರಸ್ತೆಗಳು ಖಾಲಿ ಇದ್ದವು.

ಉಗ್ರಾಣ ತಲುಪಿದವರಿಗೆ ಕಾದಿದ್ದದ್ದು ಇನ್ನೊಂದು ಆಘಾತ. ಹಲವೆಡೆ ಟ್ಯಾಂಕುಗಳಿಗೆ ಮಷಿನ್ ಗನ್ ಇಲ್ಲ, ಕಮಾಂಡರನಿಗೆ ದುರ್ಬೀನು ಇಲ್ಲ, ಮದ್ದುಗುಂಡು ತುಂಬಿಲ್ಲ. ಟ್ಯಾಂಕು ಸಾಗಿಸುವ ಟ್ರೇಲರ್‌ಗಳು ಸಾಲದೆ ನೂರಾರು ಕಿಲೋಮೀಟರ್ ದೂರದ ಸಿನಾಯ್‌ಗೆ ಅವು ತಮ್ಮ ಚೈನುಗಳ ಮೇಲೆಯೇ ಹೊರಟವು, ದಾರಿಯಲ್ಲಿ ಕೆಟ್ಟು ನಿಂತವು. ವರ್ಷಗಳಿಂದ ಒಟ್ಟಿಗೆ ತರಬೇತಾಗಿದ್ದ ತಂಡಗಳಿಗಾಗಿ ಕಾಯಲು ಪುರುಸೊತ್ತಿರಲಿಲ್ಲ. ಮೊದಲು ಬಂದ ನಾಲ್ವರು ಮೊದಲು ಸಿಕ್ಕ ಟ್ಯಾಂಕು ಹತ್ತಿದರು. ಕೆಲವರು ಒಬ್ಬರ ಹೆಸರೊಬ್ಬರು ಕೇಳಿಕೊಂಡದ್ದು ಗೋಲಾನ್ ಏರುವ ದಾರಿಯಲ್ಲಿ.

ಆದರೂ ಅವರು ತಲುಪಿದರು. ಇಸ್ರೇಲಿನ ಮೀಸಲು ಪಡೆ ಗೋಲಾನ್‌ಗೆ ಬರಲು ಕನಿಷ್ಠ 24 ಗಂಟೆ ಬೇಕು ಎಂದು ಸಿರಿಯಾ ಲೆಕ್ಕ ಹಾಕಿತ್ತು. ಮೊದಲ ತುಕಡಿಗಳು ಸುಮಾರು ಹದಿನೈದು ಗಂಟೆಗಳಲ್ಲಿ ಕಾದಾಟಕ್ಕೆ ಇಳಿದವು. ಆ ಒಂಬತ್ತು ಗಂಟೆಗಳ ವ್ಯತ್ಯಾಸವೇ ಗೋಲಾನ್‌ನ ಭವಿಷ್ಯ ತೀರ್ಮಾನಿಸಿತು. ದಕ್ಷಿಣ ಗೋಲಾನ್‌ನಲ್ಲಿ ಕಾಯಂ ಸೇನೆಯ 188ನೇ ಟ್ಯಾಂಕ್ ಬ್ರಿಗೇಡ್ ಬಹುತೇಕ ನುಚ್ಚುನೂರಾಗಿ, ಅದರ ಕಮಾಂಡರ್ ಯಿಟ್ಜಾಕ್ ಬೆನ್-ಶೋಹಾಮ್ ಅಕ್ಟೋಬರ್ 7ರಂದು ಸತ್ತರು. ಅಲ್ಲಿ ಮೂರು ನಾಲ್ಕರಂತೆ ಬಂದ ಮೀಸಲು ಟ್ಯಾಂಕುಗಳು ಬಿರುಕು ಮುಚ್ಚಿದವು. 10ನೇ ತಾರೀಕಿನ ಹೊತ್ತಿಗೆ ಸಿರಿಯಾದ ಸೈನ್ಯ ಹಳೆಯ ಕದನವಿರಾಮ ರೇಖೆಯ ಆಚೆಗೆ ಸರಿದಿತ್ತು.

ದಕ್ಷಿಣದಲ್ಲಿ ಕಥೆ ಅಷ್ಟು ನೇರವಾಗಿರಲಿಲ್ಲ. ಸಿನಾಯ್‌ಗೆ ಬಂದ ಎರಡು ಮೀಸಲು ಡಿವಿಜನ್‌ಗಳಲ್ಲಿ ಒಂದರ ನಾಯಕ ಅವ್ರಹಾಮ್ ಅದಾನ್, ಇನ್ನೊಂದರದ್ದು ಏರಿಯಲ್ ಶರೋನ್. ಶರೋನ್ ಮೂರು ತಿಂಗಳ ಹಿಂದಷ್ಟೇ ಸೇನೆ ಬಿಟ್ಟು, ವಿರೋಧ ಪಕ್ಷಗಳನ್ನು ಒಗ್ಗೂಡಿಸಿ ಲಿಕುದ್ ಕಟ್ಟಿ, ಚುನಾವಣೆಗೆ ಸಿದ್ಧರಾಗುತ್ತಿದ್ದವರು. ಈಗ ಅವರ ಮೇಲಧಿಕಾರಿಯಾಗಿ ಇದ್ದವರು ನಿನ್ನೆಯವರೆಗೆ ಅವರ ಕೈಕೆಳಗಿದ್ದ ಶ್ಮುಯೆಲ್ ಗೊನೆನ್. ಅಕ್ಟೋಬರ್ 8ರ ಮರುದಾಳಿ ಗೊಂದಲದಲ್ಲಿ ಮುಗಿದು ಅದಾನ್ ಪಡೆ ಭಾರಿ ನಷ್ಟ ಉಂಡಿತು. ಗೊನೆನ್–ಶರೋನ್ ಜಗಳ ಬಿಡಿಸಲು 10ರಂದು ವಾಣಿಜ್ಯ ಸಚಿವ ಹಯೀಮ್ ಬಾರ್-ಲೆವ್‌ಗೇ ಸಮವಸ್ತ್ರ ತೊಡಿಸಿ ಕಳಿಸಬೇಕಾಯಿತು. ಅವರು ಹಿಂದಿನ ಸೇನಾ ಮುಖ್ಯಸ್ಥರು, ಕಾಲುವೆ ದಂಡೆಯ ಕೋಟೆಸಾಲಿಗೆ ಅವರದೇ ಹೆಸರಿತ್ತು. ಆಳುವ ಪಕ್ಷದ ಸಚಿವರೊಬ್ಬರು ವಿರೋಧ ಪಕ್ಷದ ನಾಯಕರೊಬ್ಬರಿಗೆ ಯುದ್ಧಭೂಮಿಯಲ್ಲಿ ಆದೇಶ ಕೊಡುತ್ತಿದ್ದರು. ಸೈನಿಕ ಯಾರು, ರಾಜಕಾರಣಿ ಯಾರು ಎಂಬ ಗೆರೆ ಮೀಸಲು ವ್ಯವಸ್ಥೆಯಲ್ಲಿ ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಕ್ಟೋಬರ್ 15ರ ರಾತ್ರಿ ಕಳೆದು 16ರ ನಸುಕಿನಲ್ಲಿ ಡ್ಯಾನಿ ಮ್ಯಾಟ್ ನೇತೃತ್ವದ ಮೀಸಲು ಪ್ಯಾರಾಟ್ರೂಪರ್ ಬ್ರಿಗೇಡ್ ರಬ್ಬರ್ ದೋಣಿಗಳಲ್ಲಿ ಕಾಲುವೆ ದಾಟಿ ಆಫ್ರಿಕಾದ ನೆಲ ಮುಟ್ಟಿತು. ಅಲ್ಲಿಂದ ಯುದ್ಧದ ದಿಕ್ಕು ಬದಲಾಯಿತು. ಅಕ್ಟೋಬರ್ ಕೊನೆಯ ವಾರ ಗುಂಡಿನ ಸದ್ದು ನಿಂತಾಗ ಈಜಿಪ್ಟಿನ ಮೂರನೇ ಸೇನೆ ಸುತ್ತುವರಿಯಲ್ಪಟ್ಟಿತ್ತು. ಇಸ್ರೇಲ್ 2,600ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತ್ತು. ಅರಬ್ ಪಾಳಯದ ಸಾವುಗಳು ಅದರ ಹಲವು ಪಟ್ಟು.

ಗುಂಡು ನಿಂತರೂ ಮೀಸಲು ಸೈನಿಕನಿಗೆ ಮನೆ ಸಿಗಲಿಲ್ಲ. ಈಜಿಪ್ಟಿನೊಂದಿಗೆ ಸೇನೆ ಹಿಂತೆಗೆತದ ಒಪ್ಪಂದವಾದದ್ದು 1974ರ ಜನವರಿ 18ಕ್ಕೆ, ಸಿರಿಯಾದೊಂದಿಗೆ ಮೇ 31ಕ್ಕೆ. ಅಲ್ಲಿಯವರೆಗೂ ಸಾವಿರಾರು ಜನ ಮರುಭೂಮಿಯ ಚಳಿಯಲ್ಲಿ, ಗೋಲಾನ್‌ನ ಕೆಸರಿನಲ್ಲಿ ಕಳೆದರು. ಅಂಗಡಿ ಮುಚ್ಚಿದವರು, ಪರೀಕ್ಷೆ ತಪ್ಪಿಸಿಕೊಂಡವರು, ಮಗುವಿನ ಮುಖ ನೋಡದವರು ಡೇರೆಗಳಲ್ಲಿ ಕುಳಿತು ಒಬ್ಬರಿಗೊಬ್ಬರು ಕಂಡದ್ದನ್ನು ಹೇಳಿಕೊಂಡರು. ಒಂದು ಉಗ್ರಾಣದಲ್ಲಿ ದುರ್ಬೀನಿಲ್ಲದ್ದು ಅಲ್ಲೊಬ್ಬ ಅಧಿಕಾರಿಯ ಅಸಡ್ಡೆ ಅನ್ನಿಸಬಹುದಿತ್ತು. ಎಲ್ಲ ಉಗ್ರಾಣಗಳ ಕಥೆಯೂ ಒಂದೇ ಎಂದು ತಿಳಿದಾಗ ಸಿಟ್ಟಿನ ಗುರಿ ಬೇರೆಯಾಯಿತು. 1973ರ ಡಿಸೆಂಬರ್ 31ಕ್ಕೆ ಮುಂದೂಡಿದ್ದ ಚುನಾವಣೆಯಲ್ಲಿ ಅನೇಕರು ಗಡಿಯಲ್ಲೇ ಮತ ಹಾಕಿದರು. ಗೋಲ್ಡಾ ಪಕ್ಷದ ಮೈತ್ರಿಕೂಟ 56ರಿಂದ 51 ಸ್ಥಾನಕ್ಕೆ ಇಳಿದರೂ ಅಧಿಕಾರ ಉಳಿಸಿಕೊಂಡಿತು.

ಆ ಸಿಟ್ಟಿಗೆ ಮುಖ ಕೊಟ್ಟವರು ಮೊತ್ತಿ ಅಶ್ಕೆನಾಜಿ ಎಂಬ ಮೀಸಲು ಕ್ಯಾಪ್ಟನ್. ಕಾಲುವೆ ದಂಡೆಯ ಕೋಟೆಗಳೆಲ್ಲ ಬಿದ್ದಾಗ ಕೊನೆಯವರೆಗೂ ಕೈಬಿಡದೆ ಉಳಿದದ್ದು ಉತ್ತರ ತುದಿಯ ‘ಬುಡಾಪೆಸ್ಟ್’ ಕೋಟೆ ಒಂದೇ. ಅದರ ಕಮಾಂಡರ್ ಅವರು. ಯುದ್ಧಕ್ಕೆ ಮುಂಚೆ ಕೋಟೆಯ ಹದಗೆಟ್ಟ ಸ್ಥಿತಿಯ ಬಗ್ಗೆ ದೂರಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. 1974ರ ಫೆಬ್ರವರಿಯಲ್ಲಿ ಸೇವೆಯಿಂದ ಬಿಡುಗಡೆಯಾದವರೇ ಜೆರುಸಲೇಮಿನ ಪ್ರಧಾನಿ ಕಚೇರಿಯ ಎದುರು ಒಬ್ಬರೇ ನಿಂತು ದಯಾನ್ ರಾಜೀನಾಮೆ ಕೇಳಿದರು. ದಿನಗಳೆದಂತೆ ಬಿಡುಗಡೆಯಾಗಿ ಬಂದ ಮೀಸಲು ಸೈನಿಕರು, ಸತ್ತವರ ತಂದೆತಾಯಂದಿರು ಅವರ ಪಕ್ಕ ನಿಂತರು, ಒಬ್ಬರ ಧರಣಿ ಸಾವಿರಾರು ಜನರ ಮೆರವಣಿಗೆಯಾಯಿತು. ಯುದ್ಧದಲ್ಲಿ ಸೋತು ಓಡಿಬಂದವರು ಎಂದು ಅಶ್ಕೆನಾಜಿಯವರನ್ನು ಯಾರೂ ಹೀಗಳೆಯುವಂತಿರಲಿಲ್ಲ. ಅವರ ಕೋಟೆ ಬಿದ್ದಿರಲಿಲ್ಲ.

ಸರ್ಕಾರ 1973ರ ನವೆಂಬರಿನಲ್ಲೇ ಮುಖ್ಯ ನ್ಯಾಯಾಧೀಶ ಶಿಮೋನ್ ಅಗ್ರನಾತ್ ನೇತೃತ್ವದಲ್ಲಿ ಐವರ ವಿಚಾರಣಾ ಆಯೋಗ ನೇಮಿಸಿತ್ತು. ಐವರಲ್ಲಿ ಒಬ್ಬರು ಮೀಸಲು ಪಡೆಯನ್ನು ಕಟ್ಟಿದ ಯಾದಿನ್. ಸೇನೆ ಬಿಟ್ಟು ಪ್ರಾಕ್ತನ ಶಾಸ್ತ್ರಜ್ಞರಾಗಿ ಮಸಾಡಾ ಕೋಟೆಯ ಉತ್ಖನನದಿಂದ ಹೆಸರಾಗಿದ್ದವರು ಈಗ ತಾವೇ ಹಾಕಿದ ಅಡಿಪಾಯ ಏಕೆ ಕುಸಿಯಿತೆಂದು ಅಗೆದು ನೋಡಬೇಕಾಯಿತು. 1974ರ ಏಪ್ರಿಲ್ ಆರಂಭದಲ್ಲಿ ಬಂದ ಮಧ್ಯಂತರ ವರದಿ ಎಲಾಜಾರ್, ಜೈರಾ, ಗೊನೆನ್ ಮೇಲೆ ಹೊಣೆ ಹೊರಿಸಿತು. ಮೀಸಲು ಪಡೆಗಳನ್ನು ಸಕಾಲಕ್ಕೆ ಕರೆಸಲು ಶಿಫಾರಸು ಮಾಡಲಿಲ್ಲ ಎಂಬುದೂ ಎಲಾಜಾರ್ ಮೇಲಿನ ಆರೋಪಗಳಲ್ಲಿ ಒಂದು. ಗೋಲ್ಡಾ ಮತ್ತು ದಯಾನ್ ಮಾತ್ರ ಪಾರಾದರು. ಜನ ಇದನ್ನು ಒಪ್ಪಲಿಲ್ಲ. ಏಪ್ರಿಲ್ 11ರಂದು ಗೋಲ್ಡಾ ರಾಜೀನಾಮೆ ಘೋಷಿಸಿದರು, ಜೂನ್‌ನಲ್ಲಿ ಯಿಟ್ಜಾಕ್ ರಾಬಿನ್ ಕಟ್ಟಿದ ಸಂಪುಟದಲ್ಲಿ ದಯಾನ್‌ಗೆ ಜಾಗವಿರಲಿಲ್ಲ. ಎಲಾಜಾರ್ 1976ರಲ್ಲಿ, 50ರ ವಯಸ್ಸಿಗೇ, ಹೃದಯಾಘಾತದಿಂದ ತೀರಿಕೊಂಡರು.

ಹೊಣೆಗಾರಿಕೆಯ ಚರ್ಚೆ ಇನ್ನೂ ಮುಗಿದಿಲ್ಲ. ಗುಪ್ತಚರರ ತಪ್ಪು ಲೆಕ್ಕವೇ ಎಲ್ಲಕ್ಕೂ ಮೂಲ ಎಂದು ಉರಿ ಬಾರ್-ಜೋಸೆಫ್ ಅವರಂಥ ವಿದ್ವಾಂಸರು ವಾದಿಸಿದರೆ, ಕರೆ ಕೊಡಲು ಹಿಂಜರಿದದ್ದು ರಾಜಕೀಯ ನಾಯಕತ್ವ, ಶಿಕ್ಷೆಯಾದದ್ದು ಸೈನಿಕರಿಗೆ ಎಂದು ಎಲಾಜಾರ್ ಪರ ನಿಂತವರು ಹೇಳುತ್ತಾರೆ. ಮರ್ವಾನ್ ನಿಜವಾಗಿ ಇಸ್ರೇಲಿನ ಗೂಢಚಾರರೋ, ಕೊನೆಯ ಗಳಿಗೆಯಲ್ಲಿ ದಾರಿ ತಪ್ಪಿಸಿದ ಈಜಿಪ್ಟಿನ ಕೈಗೊಂಬೆಯೋ ಎಂಬ ವಿವಾದ 2007ರಲ್ಲಿ ಅವರು ಲಂಡನ್ನಿನಲ್ಲಿ ಬಾಲ್ಕನಿಯಿಂದ ಬಿದ್ದು ಸತ್ತ ಮೇಲೂ ತಣಿದಿಲ್ಲ.

ಪರಿಣಾಮಗಳು ದೀರ್ಘಕಾಲ ಉಳಿದವು. ಸೇನೆ ಬೆಳೆಯಿತು, ಮೀಸಲು ಸೇವೆಯ ದಿನಗಳು ಹೆಚ್ಚಿದವು, ರಕ್ಷಣಾ ವೆಚ್ಚ ರಾಷ್ಟ್ರೀಯ ಉತ್ಪನ್ನದ ಕಾಲು ಭಾಗವನ್ನೂ ಮೀರಿ ಆರ್ಥಿಕತೆ ವರ್ಷಗಟ್ಟಲೆ ನರಳಿತು. ಬೀದಿಯಲ್ಲಿ ಎದ್ದ ಸಿಟ್ಟು ರಾಜಕೀಯವನ್ನೇ ಮರುರೂಪಿಸಿತು. 1977ರ ಮೇ ತಿಂಗಳಲ್ಲಿ, ದೇಶ ಹುಟ್ಟಿದಾಗಿನಿಂದ ಆಳಿದ ಲೇಬರ್ ಪಕ್ಷ ಮೊದಲ ಬಾರಿ ಸೋತು ಲಿಕುದ್ ಗೆದ್ದಿತು. ಅದೇ ಚುನಾವಣೆಯಲ್ಲಿ ಯಾದಿನ್ ಕಟ್ಟಿದ ಹೊಸ ಪಕ್ಷಕ್ಕೆ 15 ಸ್ಥಾನ ಬಂದವು. 1978ರ ಮಾರ್ಚ್‌ನಲ್ಲಿ 348 ಮೀಸಲು ಅಧಿಕಾರಿಗಳು ಮತ್ತು ಸೈನಿಕರು ಪ್ರಧಾನಿ ಬೆಗಿನ್‌ಗೆ ಬರೆದ ಪತ್ರದಿಂದ ‘ಪೀಸ್ ನೌ’ ಶಾಂತಿ ಚಳವಳಿ ಹುಟ್ಟಿತು. ಆದರೆ ಯುದ್ಧದ ಅನುಭವ ಎಲ್ಲರಿಗೂ ಒಂದೇ ಪಾಠ ಕಲಿಸಲಿಲ್ಲ. ಗೆದ್ದ ನೆಲದಲ್ಲಿ ವಸತಿ ಕಟ್ಟಲು ಹೊರಟ ‘ಗುಷ್ ಎಮುನಿಮ್’ ಕೂಡ 1974ರ ಆರಂಭದಲ್ಲೇ ಮೂಡಿತು, ಅದರಲ್ಲೂ ಆಗಷ್ಟೇ ಗಡಿಯಿಂದ ಮರಳಿದ ಯುವಕರಿದ್ದರು. 1982ರ ಲೆಬನಾನ್ ಯುದ್ಧದ ಹೊತ್ತಿಗೆ ಕೆಲವು ಮೀಸಲು ಸೈನಿಕರು ಕರೆಗೆ ಓಗೊಡಲು ನಿರಾಕರಿಸಿ ಜೈಲಿಗೂ ಹೋದರು. 2023ರಲ್ಲಿ ನ್ಯಾಯಾಂಗದ ಬದಲಾವಣೆಗಳನ್ನು ವಿರೋಧಿಸಿದ ಮೀಸಲು ಪೈಲಟ್‌ಗಳು ಸ್ವಯಂಸೇವೆ ನಿಲ್ಲಿಸುವುದಾಗಿ ಹೇಳಿದರು. ಅದೇ ವರ್ಷದ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಕೆಲವೇ ದಿನಗಳಲ್ಲಿ ಸುಮಾರು ಮೂರು ಲಕ್ಷ ಮೀಸಲು ಸೈನಿಕರಿಗೆ ಕರೆ ಹೋಯಿತು.

1949ರಲ್ಲಿ ಹಾಕಿದ ಲೆಕ್ಕ ಹಣದ್ದು ಮತ್ತು ಗಂಟೆಗಳದ್ದು: ಕಾಯಂ ಸೈನ್ಯಕ್ಕಿಂತ ಇದು ಅಗ್ಗ, ಎರಡು ದಿನದಲ್ಲಿ ಎಲ್ಲರೂ ಸಿದ್ಧ. 1973 ಆ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಬಾಬತ್ತನ್ನು ಸೇರಿಸಿತು. ಕಾಯಂ ಸೈನಿಕ ಯುದ್ಧ ಮುಗಿದ ಮೇಲೆ ಬ್ಯಾರಕ್ಕಿಗೆ ಮರಳುತ್ತಾನೆ, ಅಲ್ಲಿ ಅವನ ಬಾಯಿಗೆ ಶಿಸ್ತಿನ ಬೀಗವಿರುತ್ತದೆ. ಮೀಸಲು ಸೈನಿಕ ಮರಳುವುದು ಮನೆಗೆ, ಕಚೇರಿಗೆ, ಮತಗಟ್ಟೆಗೆ. ಅವನು ಕಂಡದ್ದನ್ನು ಸರ್ಕಾರ ಮುಚ್ಚಿಡಲಾಗದು. ಮುಂದಿನ ಕರೆಗೆ ಅವನು ಎಷ್ಟು ಬೇಗ ಹೊರಡುತ್ತಾನೆ ಎಂಬುದು, ಹಿಂದಿನ ಕರೆಯ ಬಗ್ಗೆ ಅವನಿಗೆ ಯಾರು ಉತ್ತರ ಕೊಟ್ಟರು ಎಂಬುದರ ಮೇಲೆ ನಿಂತಿದೆ.